ಗುಜರಿ ಸಾಮಾನಿನ ನೀರು ರಾಕೆಟ್: ಈವರೆಗೆ ಆಗಿರುವುದು, ಇನ್ನು ಬಾಕಿ ಇರುವುದು

ರಾಕೆಟ್ಟನ್ನು ಹಿಡಿದಿಟ್ಟು ಹಾರಿಬಿಡುವ ಲಾಂಚರ್ ಮುಗಿದಿದೆ, ಸೋರಿಕೆ ನಿಂತಿದೆ. ರಾಕೆಟ್ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಟೈರಿನ ಗಾಳಿ ಅಳೆಯುವ ಮಾನ) ಒತ್ತಡದಲ್ಲಿ ನೆಟ್ಟಗೆ ಏರುತ್ತಿದೆ. ಪ್ಯಾರಾಚೂಟ್ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ, ಹಾರಾಟದ ತುದಿ ಮುಟ್ಟುವ ಮುಂಚೆಯೇ ಬಿಚ್ಚಿಕೊಳ್ಳುತ್ತದೆ. ಮದ್ದು, ಬೆಂಕಿಕಡ್ಡಿಯ ತಲೆ, ಪಟಾಕಿ ಯಾವುದೂ ಇದರಲ್ಲಿಲ್ಲ. ನೀರು ಮತ್ತು ಗಾಳಿ ಅಷ್ಟೇ: ಬಾಟಲಿಗೆ ಪಂಪು ಮಾಡಿದ ಗಾಳಿ ನೀರನ್ನು ಕೆಳಗೆ ತಳ್ಳುತ್ತದೆ, ರಾಕೆಟ್ ಮೇಲೇರುತ್ತದೆ. ಮನೆಯಲ್ಲಿ ಮಾಡುವ ರಾಕೆಟ್ ಇದೊಂದೇ ಬಗೆಯದ್ದಾಗಿರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬಾಟಲಿ

ಸೋಡಾ ಜಾತಿಯ ಪಾನೀಯದ 2 ಲೀಟರ್ ಅಥವಾ 2.25 ಲೀಟರ್ ಪೆಟ್ ಬಾಟಲಿಯೇ ಆಗಬೇಕು. ತಳದಲ್ಲಿ ಐದು ಉಬ್ಬುಕಾಲುಗಳಿರುತ್ತವೆ, ನೋಡಿದರೆ ಗೊತ್ತಾಗುತ್ತದೆ. ಕುಡಿಯುವ ನೀರಿನ ಬಾಟಲಿ ಒತ್ತಡ ತಡೆಯಲೆಂದು ಮಾಡಿದ್ದಲ್ಲ, ಅದನ್ನು ಮುಟ್ಟಲೇಬೇಡಿ. ಒತ್ತಡ ಹಿಡಿಯುವ ಬಾಟಲಿಗೆ ಉಪ್ಪುಕಾಗದ ಉಜ್ಜಬಾರದು, ಬಿಸಿ ಗ್ಲೂಗನ್ ತಾಗಿಸಬಾರದು. ಗೀರು ಬಿದ್ದ ಕಡೆ, ಶಾಖಕ್ಕೆ ಸೊಟ್ಟಗಾದ ಕಡೆ ಮೊದಲು ಒಡೆಯುತ್ತದೆ. ಮಡಿಕೆಯಲ್ಲಿ ಬಿಳಿ ಗೆರೆ ಕಂಡರೆ ಆ ಬಾಟಲಿ ಮತ್ತೆ ಗುಜರಿಗೇ.

ಹಾರಿಸುವ ಮುನ್ನ ಪರೀಕ್ಷೆ ಹೀಗೆ: ಬಾಟಲಿಗೆ ಕಂಠಮಟ್ಟ ನೀರು ತುಂಬಿ, ಗೋಡೆಯ ಮರೆಯಲ್ಲಿ ನಿಂತು 80 ಪಿಎಸ್‌ಐವರೆಗೆ ಪಂಪು ಮಾಡಿ ಐದು ನಿಮಿಷ ಬಿಡಬೇಕು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಬಾಟಲಿ ಸೀಳಿದರೂ ಸಿಡಿಯುವುದಿಲ್ಲ.

ಲಾಂಚರ್

ಹೆಚ್ಚು ಸಮಯ ತಿಂದ ಭಾಗ ಇದೇ, ಹೆಚ್ಚು ಫಲ ಕೊಟ್ಟಿದ್ದೂ ಇದೇ. ಎತ್ತರ ಬೇಕೆಂದರೆ ಎಲ್ಲರ ಕೈ ಪಂಪಿನ ಮೇಲೇ ಹೋಗುತ್ತದೆ. ಆದರೆ ಬಾಯಿ ಸೋರುತ್ತಿದ್ದರೆ ಎಷ್ಟು ಪಂಪು ಹೊಡೆದರೂ ದಂಡ.

ಬಾಟಲಿಯ ಬಾಯಿಯ ಒಳವ್ಯಾಸ ಸುಮಾರು 21.7 ಮಿ.ಮೀ. ಅರ್ಧ ಇಂಚಿನ ಬಿಳಿ ಯುಪಿವಿಸಿ ಪೈಪಿನ ಹೊರವ್ಯಾಸ 21.3 ಮಿ.ಮೀ., ಹಾಗಾಗಿ ಹೇಳಿ ಮಾಡಿಸಿದಂತೆ ಒಳಗೆ ಹೋಗುತ್ತದೆ. ಬಿಸಿನೀರಿಗೆ ಹಾಕುವ ಸಿಪಿವಿಸಿ ಅದೇ ಅರ್ಧ ಇಂಚಾದರೂ ಹೊರಗೆ 15.9 ಮಿ.ಮೀ. ಮಾತ್ರ, ಇಲ್ಲಿ ನಡೆಯುವುದಿಲ್ಲ. ಪ್ಲಂಬರ್ ಬಿಟ್ಟುಹೋದ ತುಂಡು ಹುಡುಕುವಾಗ ಇದು ನೆನಪಿರಲಿ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪೈಪೂ ಬೇಡ. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಚೂರಾಗಿ ಹಾರುತ್ತದೆ. ಹೊರಗಿರುವ ಪೈಪಿಗೆಲ್ಲ ಹಳೆ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿದ್ದೇವೆ.

ಪೈಪು ಬಾಟಲಿಯೊಳಗೆ 20 ಸೆಂ.ಮೀ. ಹೋಗುತ್ತದೆ. ಬಾಟಲಿ ತಲೆಕೆಳಗಾಗಿ ನಿಂತಾಗ ಪೈಪಿನ ತುದಿ ನೀರಿಗಿಂತ ಮೇಲಿರುತ್ತದೆ, ನೀರು ಪಂಪಿನ ಕಡೆ ಇಳಿಯುವುದಿಲ್ಲ. ಬಾಯಿ ಕೂರುವ ಜಾಗದಲ್ಲಿ ದುಂಡು ಅರದಿಂದ ಒಂದೂವರೆ ಮಿ.ಮೀ. ಆಳದ ತೋಡು ತೆಗೆದು 2 ಮಿ.ಮೀ. ದಪ್ಪದ ಒ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಕೂರಿಸಿದೆ. ಇನ್ಸುಲೇಷನ್ ಟೇಪ್ ಸುತ್ತಿ ಉಬ್ಬು ಮಾಡುವುದು ಸುಲಭ, ಆದರೆ ಒದ್ದೆಯಾದ ಮೇಲೆ ಟೇಪು ಜಾರಿ ಸುರುಳಿ ಸುತ್ತಿಕೊಳ್ಳುತ್ತದೆ.

ಬಾಟಲಿಯನ್ನು ಹಿಡಿದಿಡಲು ಎಂಟು ಕೇಬಲ್ ಟೈ (ತಂತಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ). ಅವುಗಳ ಬಾಲವನ್ನು ಪೈಪಿಗೆ ಹೋಸ್ ಕ್ಲ್ಯಾಂಪಿನಲ್ಲಿ ಬಿಗಿದು, ತಲೆಗಳು ಬಾಟಲಿಯ ಕತ್ತಿನ ಬಳೆಯ ಮೇಲೆ ಕೂರುವಂತೆ ಅಳತೆ ನೋಡಬೇಕು. ತಲೆಗಳ ಹೊರಗೆ ದಪ್ಪ ಪೈಪಿನ ಬಳೆಯೊಂದನ್ನು ಏರಿಸಿದರೆ ಬಾಟಲಿ ಬೀಗ ಹಾಕಿದಂತೆ. ಈ ಪೈಪಿನ ಬಳೆಗೆ ಎದುರುಬದುರು ಎರಡು ದಾರ ಕಟ್ಟಿ ದೂರದಿಂದ ಎಳೆದರೆ ಅದು ಕೆಳಗಿಳಿದು ಟೈಗಳು ಒಟ್ಟಿಗೇ ಬಿಡುತ್ತವೆ. 60 ಪಿಎಸ್‌ಐನಲ್ಲಿ ಬಾಯಿಯನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 15 ಕೆ.ಜಿ. ಭಾರಕ್ಕೆ ಸಮ. ಒಂದೇ ಕಡೆ ದಾರ ಕಟ್ಟಿದರೆ ಬಳೆ ವಾಲಿ ಸಿಕ್ಕಿಕೊಳ್ಳುತ್ತದೆ, ರಾಕೆಟ್ ಓರೆಯಾಗಿ ಹೊರಡುತ್ತದೆ.

ವಾಲ್ವು ಪಂಚರ್ ಅಂಗಡಿಯಿಂದ ತಂದ, ಕಿತ್ತು ಬಿಸಾಡಿದ್ದ ಟ್ಯೂಬ್‌ಲೆಸ್ ವಾಲ್ವು. ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪಿಗೆ 11.5 ಮಿ.ಮೀ. ತೂತು ಕೊರೆದು ಒಳಗಿನಿಂದ ಎಳೆದು ಕೂರಿಸಿದರೆ ಒತ್ತಡ ಏರಿದಷ್ಟೂ ಅದು ಇನ್ನಷ್ಟು ಬಿಗಿಯಾಗುತ್ತದೆ. ಮಾಮೂಲಿ ಸೈಕಲ್ ವಾಲ್ವಿನಲ್ಲಿ ರಬ್ಬರ್ ಕೊಳವೆ ಅಡ್ಡ ಇರುವುದರಿಂದ ಗೇಜು ಒಳಗಿನ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ.

ರೆಕ್ಕೆ, ತೂಕ

ಹಳೆಯ ಸನ್‌ಪ್ಯಾಕ್ ಬೋರ್ಡಿನಿಂದ (ಒಳಗೆ ಸಾಲು ನಾಳಗಳಿರುವ ಪ್ಲಾಸ್ಟಿಕ್ ಹಾಳೆ) ಮೂರು ರೆಕ್ಕೆ ಕತ್ತರಿಸಿದೆ: ಬುಡ 12 ಸೆಂ.ಮೀ., ಹೊರಚಾಚು 8 ಸೆಂ.ಮೀ. ಹಾಳೆಯೊಳಗಿನ ನಾಳಗಳು ಬುಡದಿಂದ ಹೊರಕ್ಕೆ ಓಡಬೇಕು, ಅಡ್ಡಲಾಗಿದ್ದರೆ ರೆಕ್ಕೆ ಪಟಪಟ ಬಡಿದು ಮಡಚುತ್ತದೆ. ಇನ್ನೊಂದು ಬಾಟಲಿಯ ನಡುಭಾಗವನ್ನು ಕತ್ತರಿಸಿ ತೋಳಿನಂತೆ ಮಾಡಿ, ರೆಕ್ಕೆಗಳನ್ನು ಅದಕ್ಕೆ ಅಂಟಿಸಿ, ತೋಳನ್ನು ರಾಕೆಟ್ಟಿಗೆ ಟೇಪಿನಿಂದ ಸುತ್ತಿದೆ.

ಮೂತಿಯ ಕಡೆ ತೂಕಕ್ಕೆ ಸವೆದ ಟೆನ್ನಿಸ್ ಬಾಲ್. ಹೊಸದರ ತೂಕ ಸುಮಾರು 58 ಗ್ರಾಂ, ಸವೆದದ್ದು ತುಸು ಕಡಿಮೆ. ಬೇಕಾದದ್ದೂ ಅಷ್ಟೇ, ಬಿದ್ದರೆ ಮೆತ್ತಗೂ ಇರುತ್ತದೆ. ನೀರಿಲ್ಲದ ರಾಕೆಟ್ ಒಟ್ಟು 180 ಗ್ರಾಂ ಆಸುಪಾಸು. ರಟ್ಟಿನಲ್ಲಿ ರಾಕೆಟ್ಟಿನ ನೆರಳಾಕೃತಿ ಕತ್ತರಿಸಿ ಬೆರಳ ಮೇಲೆ ತೂಗಿಸಿದರೆ ಗಾಳಿಯ ಒತ್ತು ಬೀಳುವ ಬಿಂದು ಸುಮಾರಾಗಿ ಸಿಗುತ್ತದೆ. ಖಾಲಿ ರಾಕೆಟ್ಟಿನ ತೂಗುಬಿಂದು ಅದಕ್ಕಿಂತ ಮೂತಿಯ ಕಡೆಗೆ ಕನಿಷ್ಠ ಒಂದು ಬಾಟಲಿ ವ್ಯಾಸ, ಅಂದರೆ 11 ಸೆಂ.ಮೀ. ಇರಬೇಕು. ಕಡಿಮೆಯಾದರೆ ನೀರು ಖಾಲಿಯಾದ ಕೂಡಲೇ ಪಲ್ಟಿ.

ಹಾರಾಟ

ನೀರು 600 ಮಿ.ಲೀ. ಲಾಂಚರನ್ನು ನೆಲದ ಮೇಲೆ ಮಲಗಿಸಿ, ಬಾಟಲಿಯನ್ನೂ ಅಡ್ಡ ಮಲಗಿಸಿಯೇ ತೂರಿಸಿ. ಅಷ್ಟು ನೀರಿನ ಮಟ್ಟ ಬಾಯಿಯ ಕೆಳಅಂಚಿಗಿಂತ ತಗ್ಗಿರುವುದರಿಂದ ಒಂದು ಹನಿಯೂ ಚೆಲ್ಲುವುದಿಲ್ಲ. ಆಮೇಲೆ ಎರಡನ್ನೂ ಒಟ್ಟಿಗೆ ಎತ್ತಿ ನಿಲ್ಲಿಸಿ. ನೀರೆಲ್ಲ ಹೊರಹೋಗಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ, ಮಿಕ್ಕ ದಾರಿಯೆಲ್ಲ ಅಷ್ಟರಲ್ಲಿ ಗಳಿಸಿದ ವೇಗದ್ದೇ. ಅರ್ಧ ಬಾಟಲಿ ತುಂಬಿದರೆ ಗಾಳಿಗೆ ಜಾಗ ಸಾಲದೆ, ಕೊನೆಯ ನೀರು ಬಲವಿಲ್ಲದೆ ಸುರಿಯುತ್ತದೆ.

ಎತ್ತರ ಅಳೆಯಲು 50 ಮೀಟರ್ ದೂರದಲ್ಲಿ ಒಬ್ಬರು, ಕೈಯಲ್ಲಿ ಕೋನಮಾಪಕ, ಅದರಿಂದ ನಟ್ ಕಟ್ಟಿ ಇಳಿಬಿಟ್ಟ ದಾರ. ಕೋನ 38 ಡಿಗ್ರಿ ಬಂದರೆ 50 × 0.78 (38 ಡಿಗ್ರಿಯ ಟ್ಯಾನ್ ಬೆಲೆ) = 39 ಮೀಟರ್, ಕಣ್ಣಿನ ಎತ್ತರ ಸೇರಿಸಿದರೆ 40 ದಾಟುತ್ತದೆ. ಪಂಪು ಹೊಡೆಯುವವರೂ ನೋಡುವವರೂ 15 ಮೀಟರ್ ಆಚೆ ಇರಲಿ. ಒತ್ತಡ ಇರುವಾಗ ದಾರ ಸಿಕ್ಕಿಕೊಂಡರೆ ಹತ್ತಿರ ಹೋಗಬೇಡಿ, ಪಂಪಿನ ಕಡೆಯಿಂದಲೇ ಗಾಳಿ ಇಳಿಸಿ.

ಪ್ಯಾರಾಚೂಟ್

ಕಪ್ಪು ಕಸದ ಚೀಲ, 70 ಸೆಂ.ಮೀ. ಅಗಲದ ಎಂಟುಮೂಲೆ, ಎಂಟು ದಾರ, ನಡುವೆ 4 ಸೆಂ.ಮೀ. ತೂತು. ಬಿಚ್ಚಿಕೊಂಡರೆ ಸೆಕೆಂಡಿಗೆ 3ರಿಂದ 4 ಮೀಟರ್ ವೇಗದಲ್ಲಿ ಇಳಿಯುತ್ತದೆ. 40 ಮೀಟರ್ ಇಳಿಯಲು ಹತ್ತಕ್ಕೂ ಹೆಚ್ಚು ಸೆಕೆಂಡು, ಅಷ್ಟರಲ್ಲಿ ಗಾಳಿ ದೂರ ಒಯ್ಯುತ್ತದೆ. ಅದಕ್ಕೇ ಕೊಯ್ಲು ಮುಗಿದ ಗದ್ದೆ, ಬೆಳಗಿನ ಹೊತ್ತು.

ಬೇಗ ಬಿಚ್ಚಿಕೊಳ್ಳುವುದಕ್ಕೆ ಕಾರಣ ಸಿಕ್ಕಿದೆ. ಪ್ಯಾರಾಚೂಟನ್ನು ಮುಚ್ಚಲು ಸಡಿಲವಾಗಿ ಕೂರಿಸಿದ ಮೂತಿಯೊಳಗೇ ತೂಕದ ಚೆಂಡು ಇತ್ತು. ನೀರು ಮುಗಿದ ಕ್ಷಣ ಗಾಳಿ ಹಗುರ ಒಡಲನ್ನು ತಡೆಯುತ್ತದೆ, ಭಾರದ ಮೂತಿ ಅದೇ ವೇಗದಲ್ಲಿ ಮುಂದೆ ಹೋಗಿ ಕಳಚಿಕೊಳ್ಳುತ್ತದೆ. ಈಗ ಚೆಂಡನ್ನು ಒಡಲಿಗೇ ಟೇಪಿನಿಂದ ಕಟ್ಟಿ, ಮೂತಿಯನ್ನು ಬರಿಯ ಬಾಟಲಿ ತುಂಡಾಗಿ ಉಳಿಸಿದೆ. ಇದರಿಂದ ಸುಧಾರಿಸಿದೆ, ಆದರೆ ನಂಬುವಂತಿಲ್ಲ. ಕೆಲವೊಮ್ಮೆ ಮೂತಿ ಕಳಚುವುದೇ ಇಲ್ಲ.

ಮುಂದಿನ ಕೆಲಸ, ಚಾವಿ ಕೊಡುವ ಆಟಿಕೆಯ ಗೇರ್ ಡಬ್ಬಿ. ಒಡಲಿನ ಪಕ್ಕದಲ್ಲಿ (ಒತ್ತಡ ಹಿಡಿಯದ ಭಾಗದಲ್ಲಿ) 7 × 10 ಸೆಂ.ಮೀ. ಬಾಗಿಲು, ಅದನ್ನು ಹಿಡಿದ ರಬ್ಬರ್ ಬ್ಯಾಂಡು, ಬ್ಯಾಂಡಿನ ತುದಿ ಗೇರಿನ ಕೀಲಿಗೆ. ರಾಕೆಟ್ ಹೊರಟಾಗ ನೆಲಕ್ಕೆ ಕಟ್ಟಿದ ದಾರ ಪಿನ್ನು ಕೀಳುತ್ತದೆ, ಗೇರು ತಿರುಗಿ ಬ್ಯಾಂಡನ್ನು ಬಿಡುತ್ತದೆ. ತುದಿ ಮುಟ್ಟಲು ಬೇಕಾಗುವುದು ಸುಮಾರು 3 ಸೆಕೆಂಡು. ಕೀಲಿಯನ್ನು ಎಷ್ಟು ಸುತ್ತು ತಿರುಗಿಸಿದರೆ 3 ಸೆಕೆಂಡು ಬರುತ್ತದೆಂದು ಮೇಜಿನ ಮೇಲೆ, ಬ್ಯಾಂಡಿನ ಎಳೆತ ಹಾಕಿಯೇ ನೋಡಬೇಕು. ಎಳೆತ ಬಿದ್ದಾಗ ಈ ಗೇರುಗಳ ಓಟ ಬದಲಾಗುತ್ತದೆ.