ಎಳ್ಳೆಣ್ಣೆ ಗುಲಾಬಿಯಾದಾಗ

ಇವತ್ತು ಲ್ಯಾಬ್‌ನಲ್ಲಿ ಮತ್ತೆ ಎಳ್ಳೆಣ್ಣೆಯ ಬೋಡೊವಾಂ ಟೆಸ್ಟ್, ಅಂದರೆ ಎಳ್ಳೆಣ್ಣೆ ಇದೆಯೇ ಅಂತ ಬಣ್ಣದಿಂದ ಹೇಳುವ ಪರೀಕ್ಷೆ. ಎಣ್ಣೆಗೆ ಗಾಢ ಹೈಡ್ರೋಕ್ಲೋರಿಕ್ ಆಸಿಡ್ ಸುರಿದು, ಚೂರು ಫರ್ಫ್ಯೂರಾಲ್ ಎಂಬ ರಾಸಾಯನಿಕ ಹಾಕಿ, ಚೆನ್ನಾಗಿ ಕುಲುಕಿ ಸುಮ್ನೆ ಇಟ್ಟರೆ ಕೆಳಗಿನ ಆಸಿಡ್ ಪದರ ನಿಧಾನವಾಗಿ ಗುಲಾಬಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿಯೇ.

ಎಣ್ಣೆಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕೊಬ್ಬೇ. ಆದರೆ ಈ ಬಣ್ಣ ಬರುವುದು ಅದರಿಂದಲ್ಲ, 1%ಗಿಂತಲೂ ಕಡಿಮೆ ಇರುವ ಸೆಸಮೋಲಿನ್ ಎಂಬ ಎಳ್ಳಿನದೇ ವಸ್ತುವಿನಿಂದ. ಆಸಿಡ್ ಬಿದ್ದರೆ ಅದು ಒಡೆದು ಸೆಸಮೋಲ್ ಆಗುತ್ತದೆ, ಅದು ಫರ್ಫ್ಯೂರಾಲ್ ಜೊತೆ ಸೇರಿ ಗುಲಾಬಿ ಬಣ್ಣ ಕೊಡುತ್ತದೆ. ಎಳ್ಳು ಹುರಿದಾಗಲೂ ಸೆಸಮೋಲ್ ಹುಟ್ಟುತ್ತದೆ, ಹುರಿದ ಎಳ್ಳಿನ ಎಣ್ಣೆ ಬೇಗ ಕಮಟು ಹಿಡಿಯದಿರಲು ಇದೂ ಒಂದು ಕಾರಣ. ವನಸ್ಪತಿಗೆ (ಡಾಲ್ಡಾದಂಥ ಗಟ್ಟಿ ಅಡುಗೆ ಕೊಬ್ಬಿಗೆ) ಕನಿಷ್ಠ 5% ಎಳ್ಳೆಣ್ಣೆ ಬೆರೆಸಲೇಬೇಕು ಅಂತ ನಮ್ಮ ದೇಶದಲ್ಲಿ ಕಾನೂನು ಮಾಡಿದ್ದು ಇದಕ್ಕೇ: ತುಪ್ಪಕ್ಕೆ ಯಾರಾದರೂ ವನಸ್ಪತಿ ಸೇರಿಸಿದರೆ ಟ್ಯೂಬ್‌ನಲ್ಲಿ ಗುಲಾಬಿ ಕಂಡು ಸಿಕ್ಕಿಬೀಳಬೇಕು. ಯಾರ ತಲೆಗೆ ಹೊಳೆಯಿತೋ, ಭಾರೀ ಬುದ್ಧಿ ಅಲ್ವಾ?

ಅಳತೆ ನಿಖರವಾಗಿ ಬೇಕೆಂದರೆ ಎಚ್‌ಪಿಎಲ್‌ಸಿ ಇದೆ, ಮಿಶ್ರಣದ ವಸ್ತುಗಳನ್ನು ಬೇರೆ ಮಾಡಿ ಅಳೆಯುವ ಯಂತ್ರ. ಎಳ್ಳೆಣ್ಣೆಯದೇ ಇನ್ನೊಂದು ವಸ್ತುವಾದ ಸೆಸಮಿನ್, ಮತ್ತೆ ಸೆಸಮೋಲಿನ್ ಎರಡೂ ಬೇರೆ ಬೇರೆ ಗೋಪುರವಾಗಿ ಪರದೆ ಮೇಲೆ ಏಳುತ್ತವೆ. ಆದರೂ ನನಗೆ ಟ್ಯೂಬ್ ಮೇಲೇ ಪ್ರೀತಿ ಜಾಸ್ತಿ, ಏಪ್ರನ್‌ಗೆ ಇವತ್ತು ಇನ್ನೊಂದು ತೂತು ಬಿದ್ದರೂ.