ಬಸ್ ಫ್ರೀ ಇದ್ದರೂ ಯಾಕೆ ನಡೀತೀರಿ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಮಲ್ಲೇಶ್ವರದಲ್ಲಿ ಯಾರೇ ಪರಿಚಯದವರು ಸಿಗಲಿ, "ಆಧಾರ್ ತೋರಿಸಿ ಬಸ್ ಹತ್ತಬಾರ್ದಾ ಅಜ್ಜಿ, ಈ ಬಿಸಿಲಲ್ಲಿ ಯಾಕೆ ನಡೀತೀರಿ?" ಅಂತಾರೆ. ಡಾಕ್ಟರ್ ಹೇಳಿದಾರಪ್ಪ ಅಂತ ಒಂದು ಸುಳ್ಳು ಹೇಳಿ ಮುಂದೆ ಹೋಗುತ್ತೇನೆ. ನಿಜವಾದ ಉತ್ತರ ರಸ್ತೆಯಲ್ಲಿ ನಿಂತು ಹೇಳುವಂಥದ್ದಲ್ಲ.

ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಬಂದದ್ದು ಎಲ್ಲ ಬೆಂಗಳೂರೇ. ಓಡಾಟಕ್ಕೇನೂ ಕಮ್ಮಿ ಇರಲಿಲ್ಲ. ಆದರೆ ಸುಮ್ನೆ ನಡೆದದ್ದು ನೆನಪೇ ಇಲ್ಲ. ಹೊಸಿಲು ದಾಟುವಾಗ "ಎಲ್ಲಿಗೆ?" ಅಂತ ಮೊದಲು ಅಪ್ಪ ಕೇಳುತ್ತಿದ್ದರು, ಆಮೇಲೆ ಅತ್ತೆ. ಹೇಳಲು ಒಂದು ಕೆಲಸ ಇರಬೇಕಿತ್ತು. ರೇಷನ್, ಸೀಮೆಎಣ್ಣೆ, ಮಗುವಿನ ಸ್ಕೂಲು. ಕೈಯಲ್ಲಿ ಯಾವಾಗಲೂ ಒಂದು ಚೀಲ. ನಮ್ಮ ಯಜಮಾನರು ಮಾತ್ರ ಊಟ ಮುಗಿಸಿ "ಒಂದು ರೌಂಡ್ ಹೋಗಿ ಬರ್ತೀನಿ" ಅಂತ ಚಪ್ಪಲಿ ಮೆಟ್ಟುತ್ತಿದ್ದರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನನಗೆ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಲ್ಲಿ 1961ರಲ್ಲಿ ಶುರುವಾದದ್ದು. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಹೇರ್‌ಸ್ಪ್ರಿಂಗ್ ಎತ್ತಿ ಕೂರಿಸಬೇಕು. ಜೋರಾಗಿ ಉಸಿರು ಬಿಟ್ಟರೂ ಕೈ ತಪ್ಪುತ್ತಿತ್ತು. ಸಂಜೆ ಬಸ್ಸಿಳಿದು ಮನೆ ಸೇರುವವರೆಗೂ ತಲೆ ತುಂಬ ರಾತ್ರಿ ಅಡುಗೆ. ಅಕ್ಕಪಕ್ಕ ಯಾರ ಮನೆ, ಯಾವ ಮರ, ಯಾರು ನೋಡಿದರು?

ಈಗ ನೋಡುತ್ತೇನೆ. ಎಂಟನೇ ಕ್ರಾಸಿನಲ್ಲಿ ಹೂವಿನವಳ ಹತ್ತಿರ ಮೊಳ ಎಷ್ಟು ಅಂತ ಚೌಕಾಸಿ ಮಾಡಿ, ಕೊಳ್ಳದೆ ಬೈಸಿಕೊಳ್ಳುತ್ತೇನೆ. ಆಮೇಲೆ ಮನೆಗಳ ಹಿತ್ತಿಲ ನಡುವೆ ಹಾಯುವ ಕನ್ಸರ್ವೆನ್ಸಿ ಗಲ್ಲಿಗೆ ಇಳಿಯುತ್ತೇನೆ. 1898ರ ಪ್ಲೇಗ್ ಆದಮೇಲೆ ಬೆಳೆದ ಬಡಾವಣೆ ಇದು. ಕಕ್ಕಸು ಬಳಿಯುವವರು ಮುಂದಿನ ರಸ್ತೆಗೆ ಬರದಿರಲಿ ಅಂತ ಹಿಂದೆ ಈ ದಾರಿ ಬಿಟ್ಟರು. ಮರ್ಯಾದಸ್ಥರ ಮನೆ ಹೆಂಗಸು ಅಲ್ಲಿ ಕಾಲಿಡುವಂತಿರಲಿಲ್ಲ. ನಾನು ಕಾಲಿಟ್ಟದ್ದು ಅತ್ತೆ, ಯಜಮಾನರು ಇಬ್ಬರೂ ಹೋದ ಮೇಲೆ. ಮುಂದೆ ಗ್ರಾನೈಟ್ ಹಾಕಿಸಿದ ಎಷ್ಟೋ ಮನೆಗಳ ಹಿಂಗೋಡೆಯಲ್ಲಿ ಗಾರೆ ಉದುರಿ, ಬಿರುಕಿನಲ್ಲಿ ಅರಳಿ ಗಿಡ ಎದ್ದಿದೆ. ಫುಟ್‌ಪಾತ್ ಬಗ್ಗೆ ಬರೆದರೆ ಬಿಪಿ ಏರುತ್ತೆ, ಬಿಡಿ.

ಕಾಲು ಸೋತರೆ, ಹಳೇ ರಾಜಾ ಮಿಲ್ ಜಾಗದಲ್ಲಿ ಎದ್ದಿರುವ ಮಾಲ್‌ಗೆ ಹೋಗಿ ತಣ್ಣಗೆ ಕೂರುತ್ತೇನೆ. ಬಾಗಿಲಲ್ಲಿ ಸೆಕ್ಯುರಿಟಿ ಹುಡುಗ "ಬ್ಯಾಗ್ ತೋರಿಸಿ ಅಮ್ಮ" ಅಂತಾನೆ. ತಂದಿಲ್ಲಪ್ಪ ಅಂತೀನಿ.