ಗಿರಿ ಮೇಲೆ ಮಳೆ, ಕೆರೆಯಲ್ಲಿ ನೀರು

ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದಲ್ಲಿ ಬಸ್ ಇಳಿದಾಗ ನೆಲ ಒಣಗಿತ್ತು. 2022ರ ಜುಲೈ ಕೊನೆ, ಪುಷ್ಯ ಮಳೆಯ ದಿನಗಳು. ಬೆಂಗಳೂರಿನಿಂದ ಕೊಡೆ, ರೈನ್‌ಕೋಟು ಎಲ್ಲಾ ಹೊತ್ತು ಬಂದಿದ್ದೆ. ಇಲ್ಲಿ ನೋಡಿದರೆ ಬರೀ ಗಾಳಿ.

"ಅಯ್ಯನಕೆರೆ ಕೋಡಿ ಬಿದ್ದಿದೆ, ಬಾ ಮಗಾ" ಅಂತ ದೊಡ್ಡಪ್ಪ ಫೋನ್ ಮಾಡಿದ್ದರು. ಅದಕ್ಕೇ ರಜೆ ಹಾಕಿ ಹೊರಟಿದ್ದು.

"ಮಳೇನೇ ಇಲ್ವಲ್ಲ ದೊಡ್ಡಪ್ಪ?" ಅಂದೆ.

"ನಮ್ಮ ತಲೆ ಮೇಲೆ ಬೀಳೋ ಮಳೆ ಲೆಕ್ಕಕ್ಕಿಲ್ಲ. ಗಿರಿ ಕಡೆ ನೋಡು" ಅಂದರು.

ಪಶ್ಚಿಮಕ್ಕೆ ಬಾಬಾಬುಡನ್‌ಗಿರಿ ಇರಬೇಕಾದ ಜಾಗದಲ್ಲಿ ಗಿರಿಯೇ ಇರಲಿಲ್ಲ. ಕಪ್ಪು ಮೋಡ ನೆಲದವರೆಗೂ ಇಳಿದು ನಿಂತಿತ್ತು. ಮುಂಗಾರಿನ ಮೋಡ ಅಲ್ಲೇ ಗಿರಿಗೆ ತಾಗಿ ಸುರಿದುಬಿಡುತ್ತದೆ. ಈಚೆಗೆ ಬರುವುದು ಸೋನೆ ಅಷ್ಟೇ. ಇನ್ನೂ ಪೂರ್ವಕ್ಕೆ ಕಡೂರು ಕಡೆ ಹೋದರೆ ಅದೂ ಇಲ್ಲ. ಆದರೆ ಗಿರಿ ಮೇಲೆ ಬಿದ್ದ ನೀರು ಗೌರಿಹಳ್ಳದಲ್ಲಿ ಇಳಿದು ಈ ಕೆರೆಗೆ ಬರುತ್ತದೆ. ಹೊಯ್ಸಳರ ಕಾಲದಲ್ಲಿ ದುರಸ್ತಿಯಾದ ಕೆರೆ ಅದು. ಅಷ್ಟು ಹಿಂದೆಯೇ ಯಾರೋ ಈ ಲೆಕ್ಕ ಸರಿಯಾಗಿ ಹಾಕಿದ್ದಾರೆ, ನನಗೆ ಅದು ಇವತ್ತಿಗೂ ಆಶ್ಚರ್ಯವೇ.

ಏರಿ ಮೇಲೆ ನಿಂತಾಗ ಸೋನೆ ಹಿಡಿಯಿತು. ಗಾಳಿಗೆ ಅಡ್ಡಡ್ಡ ಹಾರುವ ಹನಿ, ಕೊಡೆ ಹಿಡಿದರೂ ಒಂದೇ ಬಿಟ್ಟರೂ ಒಂದೇ. ಅಲೆಗಳು ಏರಿಯ ಕಲ್ಲಿಗೆ ಬಡಿಯುತ್ತಿದ್ದವು. ಶಕುನಗಿರಿಯ ಚೂಪು ನೆತ್ತಿ ಒಂದು ಸಲ ಕಂಡಿತು, ಮತ್ತೆ ಮುಚ್ಚಿಕೊಂಡಿತು. ದೊಡ್ಡಪ್ಪ ನೀರಿನ ಬಣ್ಣ ತೋರಿಸಿದರು. ಹಳ್ಳ ಬಂದು ಸೇರುವ ಕಡೆಯಿಂದ ಕೆಂಪು ಪಟ್ಟೆಯೊಂದು ಕೆರೆಯೊಳಗೆ ಚಾಚಿತ್ತು. ಈಚೆಗಿನ ನೀರು ಬೂದು ಬಣ್ಣ. ಎರಡರ ನಡುವೆ ಗೆರೆ ಎಳೆದ ಹಾಗಿತ್ತು. ನೋಡುತ್ತಾ ನಿಂತ ಹಾಗೆ ಆ ಗೆರೆ ನಮ್ಮ ಕಡೆಗೆ ಸರಿಯುತ್ತಿತ್ತು. "ಕೆಂಪು ಬಂತು ಅಂದ್ರೆ ಮೇಲೆ ಇನ್ನೂ ಹೊಡೀತಿದೆ ಅಂತ" ಎಂದರು.

ಕೋಡಿಯ ಹತ್ತಿರ ಹೆಂಗಸರು ಬಾಗಿನ ಬಿಡುತ್ತಿದ್ದರು. ದೊಡ್ಡಮ್ಮ ಮೊರ ಬಿಟ್ಟು, ಬಗ್ಗಿ ಒಂದು ಬೊಗಸೆ ನೀರು ತೆಗೆದು ನನ್ನ ಕಣ್ಣಿಗೆ ಒತ್ತಿದರು. ಎಷ್ಟು ತಣ್ಣಗಿತ್ತು ಅಂದರೆ ಮೈ ಜುಮ್ಮೆಂದಿತು. ಅಂಗೈಯಲ್ಲಿ ಸಣ್ಣ ಮಣ್ಣು ಉಳಿಯಿತು, ನುಣ್ಣಗೆ, ಗಿರಿಯ ಮಣ್ಣು.

ಇದೇ ಕೆರೆಯನ್ನು ನಾನು ಬೇರೆ ಬೇರೆ ಕಾಲದಲ್ಲಿ ನೋಡಿದ್ದೇನೆ. ಸ್ವಾತಿ ಮಳೆಯಲ್ಲಿ ಎಲ್ಲಾ ತಿರುಗಾಮುರುಗಾ. ಮಧ್ಯಾಹ್ನದವರೆಗೆ ಸುಡು ಬಿಸಿಲು, ಸಂಜೆ ಪೂರ್ವದಿಂದ ಗುಡುಗು, ಅರ್ಧ ಗಂಟೆ ಧೋ ಅಂತ ಸುರಿದು ಖಾಲಿ. ರಾಗಿ ಕೊಯ್ಲಿನ ಹೊತ್ತಿಗೆ ನೀರು ಅಲುಗಾಡುವುದಿಲ್ಲ. ಬೆಳಗ್ಗೆ ಮಂಜು ಎದ್ದ ಮೇಲೆ ಶಕುನಗಿರಿ ತಲೆಕೆಳಗಾಗಿ ಅದರಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ಅಂಚಿನ ಕೆಸರು ಬಿರುಕು ಬಿಡುತ್ತದೆ, ದನ ಮೇಯುತ್ತವೆ. 2023ರ ಆಗಸ್ಟ್‌ನಲ್ಲಿ ಮಳೆಗಾಲದಲ್ಲೇ ಬಿಸಿಲು ನಿಂತಿತ್ತು. ಗಿರಿ ದಿನವಿಡೀ ಚೆನ್ನಾಗಿ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಕಾಣುವುದೇ ಭಯ, ಅಲ್ವಾ?

ಕೋಡಿ ದಾಟಿದ ನೀರು ವೇದಾ ಹೊಳೆಯಾಗಿ ಕಡೂರಿನ ಕಡೆ ಹೋಗುತ್ತದೆ. ಅವತಿ ಹೊಳೆ ಸೇರಿದ ಮೇಲೆ ವೇದಾವತಿ. ಕೊನೆಗೆ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿಗೆ. ದೊಡ್ಡಪ್ಪನ ಮಗಳು, ನಮ್ಮಕ್ಕನನ್ನು ಕೊಟ್ಟಿರುವುದು ಹಿರಿಯೂರಿಗೆ. ಅವತ್ತು ಏರಿ ಮೇಲಿಂದಲೇ ಅವಳಿಗೆ ವಿಡಿಯೋ ಕಾಲ್ ಮಾಡಿದೆವು. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ, ಸುಮ್ನೆ ನೀರು ತೋರಿಸಿದೆ.

ಅದೇ 2022ರ ಸೆಪ್ಟೆಂಬರ್‌ನಲ್ಲಿ ಅವಳದ್ದೇ ಫೋನ್ ಬಂತು. 1933ರ ನಂತರ ಮೊದಲ ಸಲ ಮಾರಿಕಣಿವೆ ಕೋಡಿ ಬಿದ್ದಿತ್ತು. "ಅಪ್ಪಂಗೆ ಹೇಳು, ನಿಮ್ಮ ನೀರು ಬಂತು" ಅಂದಳು. ಹೇಳಿದೆ. ದೊಡ್ಡಪ್ಪ ಏನೂ ಮಾತಾಡಲಿಲ್ಲ. ಎದ್ದು ಜಗಲಿಗೆ ಹೋಗಿ ಗಿರಿ ಕಡೆ ಮುಖ ಮಾಡಿ ಕೈ ಮುಗಿದರು.